ಶಾಲೆಯಲ್ಲಿ ದಿನಾ ಅರ್ಧ ಗಂಟೆ ಅಜ್ಜಿ ಕಥೆ: ಬೇಕಾ, ಬೇಡವಾ?

ಪರ
(ನಿವೃತ್ತ ಕನ್ನಡ ಮೇಷ್ಟ್ರು, ತೀರ್ಥಹಳ್ಳಿ ಕಡೆಯವರು)

ಕನ್ನಡ ಮೇಷ್ಟ್ರು ಅಂದ ಮೇಲೆ ಕಥೆಯ ಪರವೇ ಇರುತ್ತಾರೆ ಅಂದುಕೊಂಡು ಈ ಕಡೆಯನ್ನು ನನಗೆ ಕೊಟ್ಟಿದ್ದಾರೆ. ಆಗಲಿ. ದಿನಾ ಅರ್ಧ ಗಂಟೆ ಅನ್ನುವುದು ನನಗೂ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತದೆ. ವಾರಕ್ಕೆ ಎರಡು ಸಲ ಅಂದಿದ್ದರೆ ಇನ್ನೂ ಗಟ್ಟಿಯಾಗಿ ಬರೆಯುತ್ತಿದ್ದೆ. ಆದರೂ ಒಪ್ಪಿಕೊಂಡಾಗಿದೆ, ಬರೆಯುತ್ತೇನೆ.

ವಿಷ್ಣುಶರ್ಮನಿಂದಲೇ ಶುರು ಮಾಡೋಣ. ರಾಜನಿಗೆ ಮೂವರು ಗಂಡುಮಕ್ಕಳು, ಮೂವರಿಗೂ ಓದು ತಲೆಗೆ ಹತ್ತದು. ವ್ಯಾಕರಣ ಒಂದಕ್ಕೇ ಹನ್ನೆರಡು ವರ್ಷ ಬೇಕು ಅನ್ನುವ ಕಾಲದಲ್ಲಿ ಈ ಮುದುಕ ಆರು ತಿಂಗಳು ಸಾಕು ಅಂದ. ನರಿ, ಕಾಗೆ, ಆಮೆ, ಮೊಸಳೆ ಕಥೆ ಹೇಳಿಯೇ ಹುಡುಗರನ್ನು ದಾರಿಗೆ ತಂದ. ಪಂಚತಂತ್ರ ಕನ್ನಡಕ್ಕೆ ಬಂದದ್ದು 11ನೇ ಶತಮಾನದಲ್ಲಿ, ದುರ್ಗಸಿಂಹನ ಕೈಯಲ್ಲಿ. ಅವನು ಹಿಡಿದದ್ದು ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನದನ್ನು, ಅದಿರಲಿ, ಮೇಷ್ಟ್ರ ಚಟ. ಸಾವಿರ ವರ್ಷದಿಂದ ಕನ್ನಡದಲ್ಲೇ ಇರುವ ಪಾಠಕ್ರಮ ಇದು, ಹೊಸ ತರಬೇತಿ ಏನೂ ಬೇಡ.

ಶಿವಮೊಗ್ಗದ ಪಕ್ಕದ ಹೊಸಹಳ್ಳಿಯನ್ನೇ ನೋಡಿ. ಅಲ್ಲಿಯ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅಕ್ಷರ ಬಾರದವರಿಗೂ ಕುಮಾರವ್ಯಾಸ ಸಿಕ್ಕಿದ್ದು ಹೀಗೆ ಹಾಡಿ ಹೇಳುವವರಿಂದ. ಕೇಳಿದವರಿಗೆ ಪರೀಕ್ಷೆಯೂ ಇರಲಿಲ್ಲ, ಅಂಕವೂ ಇರಲಿಲ್ಲ.

ನನ್ನ ವಿಷಯ ಹೇಳುತ್ತೇನೆ. ದೀಪಾವಳಿ ಕಳೆದು ಚಳಿ ಹಿಡಿಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ. ರಾತ್ರಿ ಊಟ ಮುಗಿಸಿಕೊಂಡು ಏಳೆಂಟು ಜನ ಹೆಂಗಸರು ಬಂದು ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂರುತ್ತಿದ್ದರು. ಲಾಟೀನು ಒಂದೇ. ಕೈ ತನ್ನ ಪಾಡಿಗೆ ಸುಲಿಯುತ್ತಿತ್ತು, ಬಾಯಿಗೆ ಕೆಲಸ ಇಲ್ಲ, ಅದಕ್ಕೆ ಕಥೆ. ಕಾಗಕ್ಕ-ಗುಬ್ಬಕ್ಕ ನಮಗೆ. ನಾವು ಮಲಗಿದೆವು ಅಂದುಕೊಂಡ ಮೇಲೆ ಬೇರೆ ಕಥೆಗಳು ಹೊರಗೆ ಬರುತ್ತಿದ್ದವು, ಅವನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾನು ಗೋಣಿಚೀಲದ ಮೇಲೆ ಕಣ್ಣು ಮುಚ್ಚಿಕೊಂಡು ಎಲ್ಲಾ ಕೇಳುತ್ತಿದ್ದೆ. ಅವರಲ್ಲಿ ಒಬ್ಬ ಅಜ್ಜಿ ಕಥೆಯನ್ನು ಒಂದೇ ರಾತ್ರಿಗೆ ಮುಗಿಸುತ್ತಲೇ ಇರಲಿಲ್ಲ. ರಾಜಕುಮಾರ ಏಳು ಸಮುದ್ರ ದಾಟಿ, ರಾಕ್ಷಸನ ಜೀವ ಇರುವ ಗಿಳಿಯ ಕುತ್ತಿಗೆಗೆ ಕೈ ಹಾಕಿದ ಅನ್ನುವಾಗ "ನನ್ನ ಡಬ್ಬ ತುಂಬ್ತು ಕಣೋ" ಅಂತ ಎದ್ದುಬಿಡುತ್ತಿದ್ದರು. ಮಾರನೇ ದಿನ ಶಾಲೆಯಲ್ಲಿ ಕೂತರೂ ನನ್ನ ಮನಸ್ಸೆಲ್ಲ ಆ ಗಿಳಿಯ ಕುತ್ತಿಗೆಯ ಮೇಲೆ. ನನಗೆ ಕನ್ನಡ ಬಂದದ್ದು ಆ ಗೋಣಿಚೀಲದ ಮೇಲೆ, ಬಿ.ಎ. ಮಾಡಿದ್ದು ಆಮೇಲೆ.

ಈಗ ಸುಲಿಯುವುದಕ್ಕೆ ಮಿಷನ್ ಬಂದಿದೆ. ಅದರ ಸದ್ದಿಗೆ ಪಕ್ಕದವರು ಕೆಮ್ಮಿದರೂ ಕೇಳಿಸದು, ಇನ್ನು ಕಥೆ ಎಲ್ಲಿ ಬಂತು. ಮಿಷನ್ ಬೇಡ ಅನ್ನುತ್ತಿಲ್ಲ, ನಮ್ಮ ಮನೆಗೂ ಬಾಡಿಗೆಗೆ ಬರುತ್ತದೆ, ಹೆಂಗಸರ ಬೆರಳು ಉಳಿಯಿತು. ಆದರೆ ಹತ್ತು ಮಕ್ಕಳು ಒಟ್ಟಿಗೆ ಕೂತು ಕೇಳುವ ಜಾಗ ಅಂತ ಊರಲ್ಲಿ ಉಳಿದಿರುವುದು ಶಾಲೆ ಒಂದೇ. ಅಜ್ಜಿ ಮನೆಯಲ್ಲೇ ಇದ್ದಾರಲ್ಲ ಅನ್ನಬೇಡಿ. ಅಜ್ಜಿ ಧಾರಾವಾಹಿ ನೋಡುತ್ತಿದ್ದಾರೆ. ಅವರನ್ನು ಎಬ್ಬಿಸಲು ಆ ರಾಜಕುಮಾರನಿಂದಲೂ ಆಗಲ್ಲ.

ಇನ್ನು ಗಣಿತ, ಗಣಿತ ಅಂತ ಜಪ ಮಾಡುವವರು. ಅವರಿಗೆ ಮಗು ಬೇಕಿಲ್ಲ, ಕ್ಯಾಲ್ಕುಲೇಟರ್ ಬೇಕು. ಅದು ಅಂಗಡಿಯಲ್ಲೇ ಸಿಗುತ್ತದೆ.

ಯಾವ ಪೀರಿಯಡ್ ಕಡಿಮೆ ಮಾಡಬೇಕು, ಕಥೆ ಯಾರು ಹೇಳಬೇಕು ಅನ್ನುವುದನ್ನೆಲ್ಲ ಹೆಡ್‌ಮೇಷ್ಟ್ರು ನೋಡಿಕೊಳ್ಳಲಿ.

ವಿರೋಧ
(ಎರಡು ವರ್ಷ ಅತಿಥಿ ಶಿಕ್ಷಕಿಯಾಗಿದ್ದವರು, ಹೊಸನಗರ ತಾಲೂಕು)

ಪರ ಯಾರು ಬರೆಯುತ್ತಿದ್ದಾರೆ ಅಂತ ನನಗೆ ಹೇಳಿಲ್ಲ. ಯಾರೇ ಆಗಿರಲಿ, ವಿಷ್ಣುಶರ್ಮನನ್ನು ಕರೆತರದೆ ಬಿಡುವುದಿಲ್ಲ ಅಂತ ಗೊತ್ತು. ಆ ವಿಷ್ಣುಶರ್ಮನ ಹತ್ತಿರ ಇದ್ದದ್ದು ಮೂರೇ ಹುಡುಗರು, ಅದೂ ರಾಜನ ಮಕ್ಕಳು. ಬಿಸಿಯೂಟದ ಅಕ್ಕಿ ಲೆಕ್ಕ ಬರೆಯುವುದು, ಮೊಟ್ಟೆ ಎಣಿಸುವುದು, ಸೋರುವ ಕಡೆ ಬಕೆಟ್ ಇಡುವುದು ಆತನಿಗೆ ಇರಲಿಲ್ಲ. ನಾನಿದ್ದ ಶಾಲೆಯಲ್ಲಿ ಒಂದರಿಂದ ಐದನೇ ಕ್ಲಾಸಿನವರೆಗೆ ಹತ್ತೊಂಬತ್ತು ಮಕ್ಕಳು, ಎರಡು ಕೋಣೆ, ಇಬ್ಬರು ಟೀಚರು. ದೊಡ್ಡ ಮೇಡಂ ಮೀಟಿಂಗಿಗೆ ಹೋದ ದಿನ ಐದೂ ಕ್ಲಾಸಿಗೆ ನಾನೊಬ್ಬಳೇ.

ಲೆಕ್ಕ ಹಾಕೋಣ ಬನ್ನಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ, 800 ಗಂಟೆ ಪಾಠ. ದಿನಾ ಅರ್ಧ ಗಂಟೆ ಕಥೆ ಅಂದರೆ 100 ಗಂಟೆ. ಎಂಟರಲ್ಲಿ ಒಂದು ಪಾಲು ಹೋಯಿತು. ಎಂಟರಲ್ಲಿ ಒಂದು ಅಂದರೆ ಏನು ಅಂತ ನನ್ನ ಐದನೇ ಕ್ಲಾಸಿನವರಿಗೇ ಗೊತ್ತಿರಲಿಲ್ಲ, ನನ್ನ ತಕರಾರು ಇರುವುದೇ ಅಲ್ಲಿ. ಇದರ ಮೇಲೆ ನಮ್ಮ ಕಡೆ ಮಳೆ ರಜೆ ಬೇರೆ. ರಜೆ ಕೊಡದಿದ್ದರೂ ಹಳ್ಳ ತುಂಬಿದರೆ ಆಚೆ ದಡದ ಮಕ್ಕಳು ಬರುವ ಹಾಗಿಲ್ಲ.

ಶಾಲೆಯಲ್ಲಿ ಕಥೆಯೇ ಇಲ್ಲ ಅನ್ನುವ ಹಾಗೆ ಮಾತಾಡುತ್ತಾರಲ್ಲ, ಅದು ಇನ್ನೂ ಬೇಜಾರು. ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ಹೆಗ್ಗಡದೇವನಕೋಟೆ ಕಡೆ. ಚಿಕ್ಕ ಕ್ಲಾಸಿನವರಿಗೆ ಹಾಡು, ಕಥೆ, ಆಟ ಎಲ್ಲಾ ಅದರಲ್ಲೇ ಇದೆ.

ಒಂದು ದಿನ ಕಾಗಕ್ಕ-ಗುಬ್ಬಕ್ಕನ ಕಥೆಯನ್ನೇ ಬೋರ್ಡಿನ ಮೇಲೆ ಬರೆದೆ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ನಾಲ್ಕನೇ ಕ್ಲಾಸಿನವರು ಗಳಗಳ ಓದಿದರು. ನನಗೆ ಎಷ್ಟು ಖುಷಿ ಅಂದರೆ ಅವತ್ತು ಬಸ್ಸಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಮಾರನೇ ದಿನ ಸುಮ್ನೆ ತಮಾಷೆಗೆ "ಕಲ್ಲಿನ ಮನೆ" ಅಳಿಸಿ "ಹಾಳೆಯ ಮನೆ" ಅಂತ ಬರೆದೆ, ಅಡಿಕೆ ಹಾಳೆ. ಕೋಲಿಟ್ಟು ಒಂದೊಂದೇ ಪದ ತೋರಿಸಿದೆ. ಎಲ್ಲರೂ ಒಟ್ಟಿಗೆ "ಕಲ್ಲಿನ ಮನೆ" ಅಂದರು. ಇನ್ನೊಂದು ಸಲ ಓದಿ ಅಂದೆ. ಇನ್ನೂ ಜೋರಾಗಿ "ಕಲ್ಲಿನ ಮನೆ". ಹಿಂದೆ ಕೂತಿದ್ದ ಒಬ್ಬಳು ಮಾತ್ರ ಮೆಲ್ಲಗೆ, "ಮಿಸ್, ಹಾಳೆ ಮನೆ ಮಳೆಗೆ ನಿಲ್ಲಲ್ಲ" ಅಂದಳು. ಓದಿದವಳು ಅವಳೊಬ್ಬಳೇ. ಉಳಿದವರು ಕಥೆ ಹೇಳುತ್ತಿದ್ದರು, ಬೋರ್ಡಿನ ಕಡೆ ಮುಖ ಮಾಡಿಕೊಂಡು.

ಕಥೆಗೆ ಇರುವ ಅಪಾಯ ಇದು. ಬಾಯಿಗೆ ಬಂದರೆ ಸಾಕು, ಓದು ಬಂದಿದೆ ಅಂತ ಟೀಚರಿಗೂ ಅನ್ನಿಸುತ್ತದೆ, ಅಪ್ಪ-ಅಮ್ಮನಿಗೂ ಅನ್ನಿಸುತ್ತದೆ. ಆಮೇಲೆ ಎರಡು ತಿಂಗಳು ನಾನು ದಿನಾ ಕಥೆಯಲ್ಲಿ ಒಂದೊಂದು ಪದ ಬದಲಿಸಿ ಬರೆಯುತ್ತಿದ್ದೆ, ಮೋಸ ಹಿಡಿಯಲಿ ಅಂತ. ನಿಧಾನಕ್ಕೆ ಹಿಡಿಯತೊಡಗಿದರು, ಆಮೇಲೆ ಬೋರ್ಡು ಬರೆದು ಮುಗಿಸುವ ಮೊದಲೇ ಕೂಗುತ್ತಿದ್ದರು. ಇದನ್ನು ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು "ಹಾಗಾದ್ರೆ ಕಥೆಯಿಂದಲೇ ಓದೋಕೆ ಬಂತಲ್ವಾ" ಅಂದರು. ಅಲ್ಲ. ಅದು ಓದುವ ಪಾಠ. ಕಥೆ ಪೀರಿಯಡ್ ಬೇರೆ. ಅವರಿಗೆ ಅರ್ಥ ಆಗಲಿಲ್ಲ, ಬಿಡಿ.

ನೀತಿ ಕಲಿಯುತ್ತಾರೆ ಅಂತಲೂ ಹೇಳುತ್ತಾರೆ. ಆ ಗುಬ್ಬಕ್ಕ ಮಾಡುವುದೇನು? ಮನೆ ಕೊಚ್ಚಿಹೋಗಿ, ಮಳೆಯಲ್ಲಿ ನೆನೆದುಕೊಂಡು ಬಂದ ನೆರೆಯವಳನ್ನು ನೆಪ ಹೇಳಿ ಹೇಳಿ ಬಾಗಿಲಲ್ಲೇ ಕಾಯಿಸುತ್ತಾಳೆ. ಆಶ್ಲೇಷಾ ಮಳೆಯಲ್ಲಿ ಮಲೆನಾಡಿನ ಯಾರೂ ಹಾಗೆ ಮಾಡಲ್ಲ.

ಕಥೆ ಬೇಡ ಅನ್ನುವವಳಲ್ಲ ನಾನು. ಮನೆಯಲ್ಲಿ ಕೇಳಲಿ, ಜಾತ್ರೆಯಲ್ಲಿ ಕೇಳಲಿ, ಯಕ್ಷಗಾನದ ಮೇಳ ಬಂದಾಗ ರಾತ್ರಿಯಿಡೀ ಕೂತು ನೋಡಲಿ. ಆದರೆ ಭಾಗಾಕಾರ ಹೇಳಿಕೊಡುವವರು ಮನೆಯಲ್ಲಿ ಯಾರಿದ್ದಾರೆ? ಓದಿದವರ ಮನೆಯಲ್ಲಿ ಇರಬಹುದು. ಕೂಲಿ ಮುಗಿಸಿ ಏಳು ಗಂಟೆಗೆ ಬರುವವರ ಮನೆಯಲ್ಲಿ ಇಲ್ಲ.

ನಮ್ಮ ಅಜ್ಜಿ ಬೇರೆಯವರ ಮನೆಗೆ ಅಡಿಕೆ ಸುಲಿಯಲು ಹೋಗುತ್ತಿದ್ದರು. ಕಥೆ ಹೇಳುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲವಂತೆ, ಆ ಮನೆಯ ಮಕ್ಕಳು ನಿದ್ದೆಗೆಟ್ಟು ಕಾಯುತ್ತಿದ್ದರಂತೆ. ಆ ಮಕ್ಕಳೆಲ್ಲ ಓದಿ ನೌಕರಿ ಹಿಡಿದರು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ದಿನಕ್ಕೆ ಎಷ್ಟು ಡಬ್ಬ ಸುಲಿದೆ ಅಂತ ಮನೆಗೆ ಬಂದು ಒಲೆ ಪಕ್ಕದ ಗೋಡೆಯ ಮೇಲೆ ಇದ್ದಿಲಲ್ಲಿ ಗೀಟು ಎಳೆದಿಡುತ್ತಿದ್ದರು. ಸುಲಿಯುವುದು ಮುಗಿದು ಲೆಕ್ಕ ಮಾಡುವ ದಿನ ಆ ಮನೆಯ ಪುಸ್ತಕದಲ್ಲಿ ಪ್ರತಿ ವರ್ಷ ನಾಲ್ಕೈದು ಡಬ್ಬ ಕಡಿಮೆ. ಬೇಕೆಂದೇ ಮಾಡಿದರೋ, ಬರೆಯಲು ಮರೆತರೋ, ಯಾರಿಗೆ ಗೊತ್ತು. ಗೋಡೆಯನ್ನು ಹೊತ್ತುಕೊಂಡು ಹೋಗಿ ತೋರಿಸುವುದಕ್ಕೆ ಆಗುತ್ತಾ?

ನಮ್ಮಮ್ಮ ಮೂರನೇ ಕ್ಲಾಸಿಗೆ ಬಂದ ವರ್ಷ, ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ದಿನಾ ತಾರೀಕು ಹಾಕಿ ಡಬ್ಬದ ಲೆಕ್ಕ ಬರೆದಿಟ್ಟರಂತೆ. ಲೆಕ್ಕದ ದಿನ ಅಜ್ಜಿಯ ಸೆರಗು ಹಿಡಿದುಕೊಂಡು ಅವರೂ ಹೋದರು, ಪುಸ್ತಕ ಬಗಲಲ್ಲಿ. ಅದನ್ನು ಬಿಚ್ಚುವ ಪ್ರಸಂಗವೇ ಬರಲಿಲ್ಲ. ಆ ವರ್ಷ ಡಬ್ಬ ಸರಿ ಇತ್ತು.