ಮೇವು ಒಂದೇ ದಿನದಲ್ಲಿ ಬದಲಿಸಬಹುದಾ? ಸ್ಪಷ್ಟನೆ

"ಹಸುವಿನ ಹೊಟ್ಟೆ ಏನು ಹಾಕಿದರೂ ಒಗ್ಗಿಸಿಕೊಳ್ಳುತ್ತೆ" ಅನ್ನೋ ಮೆಸೇಜ್ ಹಾಸನ, ಚನ್ನರಾಯಪಟ್ಟಣ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಅರ್ಧ ನಿಜ, ಅದಕ್ಕೇ ಜಾಸ್ತಿ ಅಪಾಯ.

ಒಗ್ಗಿಕೊಳ್ಳುವುದು ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು. ರಾಗಿ ಹುಲ್ಲಿನ ನಾರು ಒಡೆಯುವ ಗುಂಪೇ ಬೇರೆ, ಅನ್ನ, ಜೋಳದಲ್ಲಿರುವ ಪಿಷ್ಟ (ಗಂಜಿ ಅಂಶ) ತಿನ್ನುವ ಗುಂಪೇ ಬೇರೆ. ಇವುಗಳ ಪ್ರಮಾಣ ಹೊಸ ಮೇವಿಗೆ ಹೊಂದಲು 2-3 ವಾರ ಬೇಕು. ಮದುವೆಮನೆಯಲ್ಲಿ ಉಳಿದ ಅನ್ನವನ್ನು ಬಕೆಟ್‌ಗಟ್ಟಲೆ ಸುರಿಯುತ್ತೇವೆ, ಅಲ್ವಾ? ಆಗ ಪಿಷ್ಟ ತಿನ್ನುವವು ಒಮ್ಮೆಲೇ ಹೆಚ್ಚಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ, ನಾರು ಒಡೆಯುವವು ಸಾಯುತ್ತವೆ. ಹಸು ಮೆಲುಕು ನಿಲ್ಲಿಸುತ್ತದೆ, ಸಗಣಿ ನೀರಾಗಿ ಹುಳಿ ವಾಸನೆ ಹೊಡೆಯುತ್ತದೆ. ಸುಮ್ನೆ ಕಾಯಬೇಡಿ, ಪಶುವೈದ್ಯರನ್ನು ಕರೆಸಿ.

ಜೋಳದ ನುಚ್ಚು ಹೆಚ್ಚಿಸುವುದಿದ್ದರೆ ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಒಣಹುಲ್ಲು ಮಾತ್ರ ತಪ್ಪಿಸಬೇಡಿ.