ಸೋರದಮಾವ

ಅಮ್ಮನ ಮದುವೆಗೆ ಅವರ ಸೋದರಮಾವ ಒಂದು ಸ್ಟೀಲ್ ಡಬ್ಬಿ ಕೊಟ್ಟಿದ್ದರು. ಆಗಿನ ಕಾಲದಲ್ಲಿ ಹೆಸರು ಹಾಕಿಸದೆ ಪಾತ್ರೆ ಕೊಡುವುದುಂಟೇ? ಅಂಗಡಿಯ ಹುಡುಗ ಟರ್ರ್ ಅಂತ ಚುಕ್ಕಿ ಚುಕ್ಕಿಯಾಗಿ ಕೊರೆದ. 'ಸೋದರಮಾವನಿಂದ, 12-5-1978' ಅಂತ ಬರಬೇಕಿತ್ತು. ಅವನ ಗಮನ ಎಲ್ಲಿತ್ತೋ, 'ಸೋರದಮಾವನಿಂದ' ಅಂತ ಬಂತು. ಮದುವೆ ಮನೆಯಲ್ಲೆಲ್ಲ ನಗು. ಮಾವ ಮಾತ್ರ, "ಸರಿಯಾಗೇ ಇದೆ, ಈ ಡಬ್ಬಿ ಸೋರಲ್ಲ" ಅಂದರಂತೆ.

ನಿಜ ಹೇಳಬೇಕೆಂದರೆ ಸೋರುತ್ತದೆ. ಮುಚ್ಚಳ ಸ್ವಲ್ಪ ಸಡಿಲ. ಹಾಗಾಗಿ ಸೋರದಮಾವನಿಗೆ ನಮ್ಮ ಮನೆಯಲ್ಲಿ ಚಟ್ನಿಪುಡಿ ಖಾತೆ ಮಾತ್ರ. ನಾನು ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆ, ಅಂತ ಇಸ್ರೇಲಿಗೆ ಹೊರಟಾಗ ಅಮ್ಮ ಅದರ ತುಂಬ ಚಟ್ನಿಪುಡಿ ಒತ್ತಿ ಕೊಟ್ಟರು. "ಡಬ್ಬಿ ವಾಪಸ್ ತರಬೇಕು" ಅನ್ನುವ ಷರತ್ತೂ ಇತ್ತು. ಮಗನಿಗೆ ಆ ಷರತ್ತು ಇರಲಿಲ್ಲ.

ನಾನಿರುವುದು ರೆಹೋವೋತ್‌ನಲ್ಲಿ. ಟೆಲ್ ಅವೀವ್‌ನಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್. ಇಲ್ಲಿ ನನಗೊಬ್ಬ ಮಂಗಳೂರಿನ ಗೆಳೆಯ ಇದ್ದಾನೆ. ವಯಸ್ಸಾದ ಒಬ್ಬರನ್ನು ಮನೆಯಲ್ಲಿದ್ದು ನೋಡಿಕೊಳ್ಳುವ ಕೆಲಸ. ಈ ದೇಶದಲ್ಲಿ ಆ ಕೆಲಸ ಮಾಡುವ ನಮ್ಮ ಕರಾವಳಿಯವರು ಬಹಳ ಜನ ಸಿಗುತ್ತಾರೆ. ಮಾರ್ಚ್ ತಿಂಗಳ ಒಂದು ಸಂಜೆ ಅವನಿಗೆ ಸ್ವಲ್ಪ ಚಟ್ನಿಪುಡಿ ಕೊಡೋಣ ಅಂತ ಡಬ್ಬಿಯನ್ನೇ ಹಿಡಿದು ಹೊರಟೆ. ದಾರಿಯಲ್ಲಿ ಮಾರ್ಕೆಟ್ಟಿಗೆ ಹೋಗಿ ಈರುಳ್ಳಿ, ಬದನೆಕಾಯಿ ತಗೊಂಡೆ. ಬಸ್ ಬಂತು. ಈರುಳ್ಳಿ ಹತ್ತಿತು, ಬದನೆಕಾಯಿ ಹತ್ತಿತು, ನಾನೂ ಹತ್ತಿದೆ. ಸೋರದಮಾವ ಸ್ಟಾಪಿನ ಬೆಂಚಿನ ಮೇಲೆ ಕೂತೇ ಇದ್ದ.

ನೆನಪಾದದ್ದು ಮೂರು ಸ್ಟಾಪ್ ಆದಮೇಲೆ. "ಹೋಯ್ತು!" ಅಂತ ಜೋರಾಗಿಯೇ ಅಂದೆ. ಪಕ್ಕದಲ್ಲಿದ್ದ ಹೆಂಗಸು ಸೀಟು ಬದಲಾಯಿಸಿದಳು. ಈ 'ಹೋಯ್ತು' ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಓಡೋಡಿ ವಾಪಸ್ ಬಂದರೆ ಬೆಂಚು ಖಾಲಿ. ಹೆಂಡತಿಗೆ ಫೋನ್ ಮಾಡಿದೆ. ಅವಳ ಮೊದಲ ಮಾತು, "ರೋಬೋ ಬಂದಿತ್ತಾ?" ಈ ದೇಶದಲ್ಲಿ ವಾರಸುದಾರರಿಲ್ಲದ ಚೀಲ ಕಂಡರೆ ಪೊಲೀಸರು ರಸ್ತೆ ಮುಚ್ಚುತ್ತಾರೆ. ರೋಬೋ ಬಂದು ಅದನ್ನು ಉಡಾಯಿಸುವುದೂ ಉಂಟು. ಒಳಗೆ ಕೆಂಪು ಪುಡಿ ತುಂಬಿದ ಉಕ್ಕಿನ ಡಬ್ಬಿ ಅಂದರೆ ಕೇಳಬೇಕೇ. ಬ್ಯಾಡಗಿ ಮೆಣಸಿನಕಾಯಿ ಅರ್ಧ ರೆಹೋವೋತನ್ನು ಸೀನಿಸಿದೆ ಅಂತ ಸುದ್ದಿ ಬರುತ್ತದೇನೋ ಅಂತ ಎರಡು ದಿನ ಕಾದೆ. ಬರಲಿಲ್ಲ. ಅಮ್ಮನಿಗೆ ಹೇಳಲಿಲ್ಲ. ಹೇಳುವ ಧೈರ್ಯ ನಿಮಗಿದ್ದರೆ ನಿಮ್ಮ ಅಮ್ಮನಿಗೆ ಹೇಳಿ ನೋಡಿ.

ಜೂನ್ ತಿಂಗಳಲ್ಲಿ ಮಂಗಳೂರಿನವನ ಫೋನ್. "ಮಾರಾಯಾ, ನಿನ್ನ ಡಬ್ಬಿ ಸಿಕ್ಕಿದೆ ಅಂತ ಕಾಣ್ತದೆ. ನಮ್ಮ ಯಜಮಾನರನ್ನು ಸಿನಗಾಗ್‌ಗೆ, ಅವರ ಪ್ರಾರ್ಥನಾ ಮಂದಿರಕ್ಕೆ, ಕರ್ಕೊಂಡು ಹೋಗಿದ್ದೆ. ಅಲ್ಲಿ ಬೋರ್ಡಿನಲ್ಲಿ ಒಂದು ಚೀಟಿ ಉಂಟು."

ಚೀಟಿಯಲ್ಲಿ ಇದ್ದದ್ದು ಇಷ್ಟೇ: 'ಒಂದು ಪಾತ್ರೆ ಸಿಕ್ಕಿದೆ. ಗುರುತು ಹೇಳಿ.' ಕೆಳಗೆ ಫೋನ್ ನಂಬರ್.

ಮನೆ ಇದ್ದದ್ದು ಶಾರಾಯಿಮ್‌ನಲ್ಲಿ. ಯೆಮೆನ್‌ನಿಂದ ಬಂದ ಯಹೂದಿಗಳ ಹಳೇ ಬಡಾವಣೆ ಅದು. ಬಾಗಿಲು ತೆಗೆದವರು ಬಿಳಿ ಗಡ್ಡದ ಅಜ್ಜ. ನನ್ನ ಹೀಬ್ರೂ ತರಕಾರಿ ಕೊಳ್ಳುವಷ್ಟು ಮಾತ್ರ. ಹಾಗಾಗಿ ಅವರ ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು. ಹೀಬ್ರೂನಲ್ಲಿ ಬಹುವಚನ ಕೊಡುವ ಪದ್ಧತಿ ಇಲ್ಲ, ದೇವರಿಗೂ ನೀನು, ಅಜ್ಜನಿಗೂ ನೀನು. ನನಗೆ ಬಾಯಿ ಬರಲಿಲ್ಲ. ಸುಮ್ನೆ ಕೈ ಮುಗಿದೆ.

ಡಬ್ಬಿ ಕಣ್ಣಿಗೆ ಬೀಳಲಿಲ್ಲ. ಮೇಜಿನ ಮೇಲೆ ಒಂದು ಕಾಗದ, ಒಂದು ಪೆನ್ಸಿಲ್ ಇತ್ತು.

"ಏನಿತ್ತು ಒಳಗೆ?"

"ಚಟ್ನಿಪುಡಿ. ಕೆಂಪಗೆ, ಖಾರ."

"ಮೇಲೆ ಏನಾದರೂ ಬರೆದಿತ್ತಾ?"

"ನಮ್ಮ ಭಾಷೆಯಲ್ಲಿ ಬರೆದಿದೆ."

"ಬರೆದು ತೋರಿಸು."

ಇದೊಂದು ಕಷ್ಟವಾ? ದುಂಡಗೆ ಬರೆದೆ: ಸೋದರಮಾವನಿಂದ. ಅಜ್ಜ ಜೇಬಿನಿಂದ ಇನ್ನೊಂದು ಕಾಗದ ತೆಗೆದರು. ಭೂತಗನ್ನಡಿ ಹಿಡಿದು ಡಬ್ಬಿಯ ಮೇಲಿನ ಅಕ್ಷರಗಳನ್ನು ಚಿತ್ರದ ಹಾಗೆ ನಕಲು ಮಾಡಿಟ್ಟಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೊಂದೇ ಅಕ್ಷರದ ಮೇಲೆ ಬೆರಳಿಡುತ್ತಾ ಹೋದರು. "ಇವಕ್ಕೆ ಮೂಲೆಯೇ ಇಲ್ಲವಲ್ಲ" ಅಂತ ಗೊಣಗಿದರು. ಅವರದು ಚೌಕ ಚೌಕ ಅಕ್ಷರ, ನಮ್ಮದು ಉರುಳಿಕೊಂಡು ಹೋಗುವ ಅಕ್ಷರ. ಎರಡನೆಯದಕ್ಕೆ ಬಂದಾಗ ಬೆರಳು ನಿಂತಿತು. ಮೂರನೆಯದಕ್ಕೆ ಬಂದಾಗ ಹುಬ್ಬು ಮೇಲೆ ಹೋಯಿತು.

"ಇದಲ್ಲ" ಅಂದರು.

ನನ್ನ ಹೊಟ್ಟೆಯಲ್ಲಿ ಚಟ್ನಿ ರುಬ್ಬಿದಂತಾಯಿತು. ಆಮೇಲೆ ಹೊಳೆಯಿತು. ಅಯ್ಯೋ, ನಾನು ಸರಿಯಾಗಿ ಬರೆದಿದ್ದೇನೆ! ಬರೆದದ್ದನ್ನು ಹೊಡೆದು ಹಾಕಿ 'ಸೋರದಮಾವನಿಂದ' ಅಂತ ಬರೆದೆ. ಅಂಗಡಿ ಹುಡುಗನ ಕಥೆ ಹೇಳಿದೆ. ಮೊಮ್ಮಗಳು ತಿರುಗಿಸಿ ಹೇಳುವಷ್ಟರಲ್ಲಿ ಅಜ್ಜ ಮೇಜು ಗುದ್ದಿ ನಗುತ್ತಿದ್ದರು. ಸರಿಯಾದ ಅಕ್ಷರ ಯಾರು ಬೇಕಾದರೂ ಬರೆದಾರು, ತಪ್ಪು ಮನೆಯವರಿಗಷ್ಟೇ ಗೊತ್ತಿರುತ್ತದಂತೆ. ಶಾಲೆಯಲ್ಲಿ ಕಾಗುಣಿತ ತಪ್ಪಿಗೆ ತಿಂದ ಏಟುಗಳೆಲ್ಲ ಒಮ್ಮೆಗೇ ನೆನಪಾದವು.

"ಮುಚ್ಚಳದ ಒಳಗೆ?" ಅಂತ ಮತ್ತೆ ಕೇಳಿದರು.

"ಅಲ್ಲಿ ಏನೂ ಇಲ್ಲ."

"ಹ್ಮ್" ಅಂದರು. ಗಡ್ಡ ನೀವಿಕೊಂಡರು. ಆದರೂ ಒಳಗೆ ಹೋಗಿ ಡಬ್ಬಿ ತಂದರು.

ಕಾಫಿ ಬಂತು, ಅದರ ಜೊತೆ ಪಾಠವೂ. ಕಳೆದುಹೋದ ವಸ್ತುಗಳ ಮೇಲೆ ಅವರಲ್ಲಿ ಒಂದು ಇಡೀ ಅಧ್ಯಾಯ ಇದೆ, ಯಹೂದಿಗಳ ಧರ್ಮಶಾಸ್ತ್ರ ಗ್ರಂಥ ತಾಲ್ಮುದ್‌ನ 'ಬಾವಾ ಮೆತ್ಸಿಯಾ' ಅನ್ನುವ ಭಾಗದಲ್ಲಿ. ಧರ್ಮಗ್ರಂಥ ಅಂದರೆ ಆತ್ಮ, ಪರಮಾತ್ಮ ಅಂದುಕೊಂಡಿದ್ದವನು ನಾನು. ಇವರದರಲ್ಲಿ ದಾರಿಯಲ್ಲಿ ಚೆಲ್ಲಿದ ಹಣ್ಣು ಯಾರದು, ಹಣ್ಣು ಪಾತ್ರೆಯಲ್ಲಿದ್ದರೆ ಯಾರದು ಅನ್ನುವ ಚರ್ಚೆ. ಚೆಲ್ಲಿದ್ದರೆ ಸಿಕ್ಕವನದು, ಪಾತ್ರೆಯಲ್ಲಿದ್ದರೆ ಡಂಗುರ ಹೊಡೆಯಬೇಕು. ಅಂಗಡಿಯಿಂದ ಆಗಷ್ಟೇ ತಂದ, ಕಣ್ಣಿಗೆ ಇನ್ನೂ ಪಳಗದ ಹೊಸ ಪಾತ್ರೆಯಾದರೆ ಸಾರಬೇಕಾಗಿಲ್ಲ ಅಂತ ಒಬ್ಬ ರಬ್ಬಿಯ, ಅಂದರೆ ಧರ್ಮಗುರುವಿನ, ಮಾತು. ಎಷ್ಟು ಸಾರಬೇಕು? ಜನ ಜೆರುಸಲೇಮಿಗೆ ಯಾತ್ರೆ ಬರುವ ಮೂರು ಹಬ್ಬ ಕಳೆದು ಮೇಲೆ ಏಳು ದಿನ, ಅಂತ ಇನ್ನೊಬ್ಬ. ಮೂರು ದಿನ ಊರಿಗೆ ಹೋಗಿ ನೋಡಿಕೊಳ್ಳಲು, ಮೂರು ದಿನ ವಾಪಸ್ ಬರಲು, ಒಂದು ದಿನ 'ನನ್ನದು' ಅಂತ ಕೂಗಲು. ಅದು ಜೆರುಸಲೇಮಿನ ದೇವಾಲಯ ಇದ್ದ ಕಾಲದ ಲೆಕ್ಕ. ಅಜ್ಜ ಅದನ್ನೇ ಹಿಡಿದುಕೊಂಡು ಪೆಸಾಖ್, ಶಾವುಓತ್ ಎರಡೂ ಹಬ್ಬ ಆದಮೇಲೆ ಹೊಸ ಚೀಟಿ ಅಂಟಿಸಿದ್ದರು. ಮೂರನೆಯದು, ಸುಕ್ಕೋತ್, ಬಾಕಿ ಇತ್ತು.

"ಇಷ್ಟು ದಿನ ಇದನ್ನು ಏನು ಮಾಡಿದಿರಿ?" ಅಂತ ಕೇಳಿದೆ. ಕೇಳಬಾರದಿತ್ತು. ಅದಕ್ಕೂ ನಿಯಮ ಇದೆ. ಸಿಕ್ಕಿದ್ದು ಬೆಳ್ಳಿ, ತಾಮ್ರದ ಪಾತ್ರೆಯಾದರೆ ಕೆಡದ ಹಾಗೆ ಸ್ವಲ್ಪ ಬಳಸಬಹುದು, ಸವೆಸಬಾರದು. ಚಿನ್ನ, ಗಾಜು ಆದರೆ ಪ್ರವಾದಿ ಎಲಿಯಾ ಬರುವವರೆಗೂ ಮುಟ್ಟಬಾರದು. ಪುಸ್ತಕವಾದರೆ ಮೂವತ್ತು ದಿನಕ್ಕೊಮ್ಮೆ ಓದಬೇಕು. ಈ ನಿಯಮ ಸಾಮಾನ್ಯ ಶಕೆ 200ರ ಸುಮಾರಿನಲ್ಲಿ ಜೋಡಿಸಿದ ಮಿಶ್ನಾದ್ದು, ಅಂದರೆ ತಾಲ್ಮುದ್‌ಗೆ ಮೂಲವಾದ ಭಾಗದ್ದು. ಆಗ ಸ್ಟೇನ್‌ಲೆಸ್ ಸ್ಟೀಲ್ ಎಲ್ಲಿತ್ತು? ಅಜ್ಜ ಸಿನಗಾಗ್‌ನ ಗೆಳೆಯರ ಜೊತೆ ಈ ವಿಷಯಕ್ಕೆ ಎರಡು ವಾರ ಜಗಳವಾಡಿದರಂತೆ. ಸ್ಟೀಲ್ ಕೆಡಲ್ಲ, ಆದ್ದರಿಂದ ಗಾಜಿನ ಹಾಗೆ, ಅಂತ ಒಂದು ಪಕ್ಷ. ಮೂಲೆಯಲ್ಲಿಟ್ಟರೆ ಕಪ್ಪಾಗುತ್ತೆ, ಆದ್ದರಿಂದ ತಾಮ್ರ, ಅಂತ ಇನ್ನೊಂದು. ಕೊನೆಗೆ ಅಜ್ಜ ಅದನ್ನು ಪುಸ್ತಕ ಅಂತ ತೀರ್ಮಾನ ಮಾಡಿ, ಹೇಗೂ ಮೇಲೆ ಬರೆದಿದೆಯಲ್ಲ, ಮೂವತ್ತು ದಿನಕ್ಕೊಮ್ಮೆ ತೊಳೆದು ಒರೆಸಿಟ್ಟರು.

ಚಟ್ನಿಪುಡಿ ಬೇರೆ ಬಾಟಲಿಯಲ್ಲಿ ಹಾಗೇ ಇತ್ತು. ಕೋಷರ್, ಅಂದರೆ ಯಹೂದಿಗಳ ಆಹಾರ ನಿಯಮ, ಪಾಲಿಸದ ಅಡುಗೆಮನೆಯದು, ಅವರು ತಿನ್ನುವ ಹಾಗಿಲ್ಲ. "ಶುಕ್ರವಾರ ಶುಕ್ರವಾರ ಮುಚ್ಚಳ ತೆಗೆದು ಮೂಸಿ ನೋಡ್ತಿದ್ರು" ಅಂತ ಮೊಮ್ಮಗಳು ಚಾಡಿ ಹೇಳಿದಳು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು 'ಸ್ಖುಗ್' ಅಂತ ಖಾರದ ಚಟ್ನಿ ಮಾಡಿ ಬ್ರೆಡ್ಡಿಗೆ ಹಚ್ಚಿಕೊಳ್ಳುವ ಜನ. ಮೂರು ತಿಂಗಳು ಬರೀ ಮೂಸಿಕೊಂಡಿರುವುದು ಸಣ್ಣ ತಪಸ್ಸಲ್ಲ. ಮುಂದಿನ ವಾರ ಒಂದು ಕಿಲೋ ಇಡೀ ಒಣಮೆಣಸಿನಕಾಯಿ ತಂದುಕೊಡುತ್ತೇನೆ ಅಂದೆ. ಅದಕ್ಕೆ ಅಡ್ಡಿ ಇಲ್ಲವಂತೆ.

"ಒಂದು ಮಾತು" ಅಂದರು ಅಜ್ಜ. "ನೀನು ಆಸೆ ಬಿಟ್ಟಿದ್ದೆಯಾ?"

'ಯೆಉಶ್' ಅಂತ ಅದರ ಹೆಸರು. ಕಳೆದುಕೊಂಡವನು 'ಹೋಯ್ತು, ನಷ್ಟ ಆಯ್ತು' ಅಂತ ಆಸೆ ಬಿಟ್ಟಮೇಲೆ ಸಿಕ್ಕರೆ, ಸಿಕ್ಕವನೇ ಇಟ್ಟುಕೊಳ್ಳಬಹುದು. ನನಗೆ ಬಸ್ಸಿನ 'ಹೋಯ್ತು' ನೆನಪಾಗಿ ಬೆವರು ಬಂತು. ಸುಳ್ಳು ಹೇಳಲಾಗಲಿಲ್ಲ, ಒಪ್ಪಿಕೊಂಡೆ.

"ಯಾವಾಗ? ನಾನು ಎತ್ತಿಕೊಳ್ಳುವ ಮೊದಲಾ, ಆಮೇಲಾ?"

ಗಡಿಯಾರ ನೋಡಿರಲಿಲ್ಲ. ಇರಲಿ ಅಂತ, "ಡಬ್ಬಿ ನನ್ನದಲ್ಲ, ಅಮ್ಮನದು" ಅಂದೆ.

"ಅಮ್ಮ ಆಸೆ ಬಿಟ್ಟಿದ್ದಾಳಾ?"

"ಅವರಿಗೆ ಕಳೆದದ್ದೇ ಗೊತ್ತಿಲ್ಲ."

ಅಜ್ಜನ ಮುಖ ನೋಡಬೇಕಿತ್ತು, ಹಬ್ಬದ ಊಟಕ್ಕೆ ಎಲೆ ಹಾಕಿದ ಹಾಗೆ ಅರಳಿತು. ಕಳೆದದ್ದೇ ಗೊತ್ತಿಲ್ಲದವರು ಆಸೆ ಬಿಟ್ಟಂತೆ ಲೆಕ್ಕವೋ ಅಲ್ಲವೋ ಅಂತ ಬ್ಯಾಬಿಲೋನಿಯಾದಲ್ಲಿ ನಾಲ್ಕನೇ ಶತಮಾನದಲ್ಲಿ ಅಬಾಯೆ ಮತ್ತು ರಾವಾ ಅನ್ನುವ ಇಬ್ಬರು ಪಟ್ಟು ಹಿಡಿದು ವಾದ ಮಾಡಿದ್ದಾರೆ. ಇವರಿಬ್ಬರ ಜಗಳದಲ್ಲಿ ಸಾಮಾನ್ಯವಾಗಿ ರಾವಾ ಗೆಲ್ಲುತ್ತಾನೆ. ಅಬಾಯೆ ಗೆದ್ದದ್ದು ಆರೇ ಆರು ಕಡೆ. ಅದರಲ್ಲಿ ಇದೊಂದು: ಗೊತ್ತಿಲ್ಲದೆ ಆಸೆ ಬಿಡುವುದು, ಆಸೆ ಬಿಟ್ಟಂತೆ ಅಲ್ಲ. ಅಮ್ಮನಿಗೆ ಹೆದರಿ ಬಾಯಿ ಮುಚ್ಚಿಕೊಂಡ ನನ್ನ ಪುಕ್ಕಲುತನಕ್ಕೆ ಸುಮಾರು ಸಾವಿರದ ಏಳುನೂರು ವರ್ಷ ಹಳೆಯ ಸಮರ್ಥನೆ ಸಿಕ್ಕಿತ್ತು. ಹೆಂಡತಿಗೆ ಇದನ್ನು ಹೇಳಿದಾಗ ಅವಳಿಗೆ ಅಬಾಯೆ ಮೇಲೆ ಅಷ್ಟೇನೂ ಗೌರವ ಬರಲಿಲ್ಲ.

"ನಾನು ಯಹೂದಿ ಅಲ್ವಲ್ಲ, ನನಗೂ ಈ ನಿಯಮ ಇದೆಯಾ?" ಅಂತ ಬಾಗಿಲಲ್ಲಿ ಕೇಳಿದೆ. ಹಳೇ ಕಾನೂನಿನ ಅಕ್ಷರ ಹಿಡಿದರೆ ಅಷ್ಟು ಕಟ್ಟುನಿಟ್ಟಿಲ್ಲ ಅಂತ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡು, ಶಿಮೋನ್ ಬೆನ್ ಶೆತಾಖ್ ಅನ್ನುವ ಗುರುವಿನ ಕತ್ತೆಯ ಕಥೆ ಹೇಳಿದರು. ಶಿಷ್ಯರು ಒಬ್ಬ ಪರಧರ್ಮೀಯನಿಂದ ಗುರುವಿಗೆ ಕತ್ತೆ ಕೊಂಡುತಂದರು. ಕತ್ತೆಗೆ ಕಟ್ಟಿದ್ದ ಒಂದು ಮುತ್ತು ಸಿಕ್ಕಿತು. "ನಾವು ಕೊಂಡದ್ದು ಕತ್ತೆಯನ್ನು, ಮುತ್ತನ್ನಲ್ಲ" ಅಂತ ಗುರು ವಾಪಸ್ ಕಳಿಸಿದ. ಕತ್ತೆಯ ಸ್ಥಾನದಲ್ಲಿ ನಾನೇ ಇದ್ದೆನೇನೋ ಅಂತ ಅನುಮಾನ ಬಂತು. ಕೇಳಲಿಲ್ಲ.

ಭಾನುವಾರ ಅಮ್ಮ ವಿಡಿಯೋ ಕಾಲ್‌ನಲ್ಲಿ ಬಂದರು. ನಾನು ಬೇಕೆಂದೇ ಡಬ್ಬಿಯನ್ನು ಹಿಂದೆ ಶೆಲ್ಫಿನ ಮೇಲೆ ಕಾಣುವ ಹಾಗೆ ಇಟ್ಟಿದ್ದೆ.

"ಚೆನ್ನಾಗಿಟ್ಟಿದ್ದೀಯಲ್ಲೋ, ಫಳಫಳ ಹೊಳೀತಿದೆ."

ಮೂವತ್ತು ದಿನಕ್ಕೊಮ್ಮೆ ತೊಳೆದದ್ದು. ನಾನು ಹಿಗ್ಗಿ, "ಅಮ್ಮಾ, ಮುಚ್ಚಳದ ಒಳಗೆ ಏನೋ ಚುಕ್ಕಿ ಇದೆ. 'ಎಚ್.ಕೆ.' ಅಂತ ಕಾಣುತ್ತೆ. ಏನದು?" ಅಂದೆ.

"ಅದಾ? ಮುಚ್ಚಳ ನಮ್ಮದಲ್ಲ ಕಣೋ. ಪಕ್ಕದ ಬೀದಿಯವರದ್ದು. ನೀನು ಹುಟ್ಟೋಕೆ ಮುಂಚೆ ಯಾರದ್ದೋ ಗೃಹಪ್ರವೇಶದಲ್ಲಿ ಅದಲುಬದಲಾಯ್ತು. ಅದಕ್ಕೇ ಸಡಿಲ."

"ವಾಪಸ್ ಕೊಡಲಿಲ್ವಾ?"

"ಅವರು ಶಿವಮೊಗ್ಗಕ್ಕೆ ಹೋಗಿ ಎಷ್ಟು ವರ್ಷ ಆಯ್ತು. ಯಾವತ್ತೋ ಆಸೆ ಬಿಟ್ಟಿರ್ತಾರೆ ಬಿಡು."

"ನಾವು ತಗೊಳ್ಳೋಕೆ ಮೊದಲಾ, ಆಮೇಲಾ?"

ಅಮ್ಮ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಫೋನನ್ನು ಪಕ್ಕಕ್ಕೆ ತಿರುಗಿಸಿ, "ರೀ, ಇವನಿಗೆ ಅಲ್ಲಿ ಊಟ ಸರಿಹೋಗ್ತಿಲ್ಲ ಅಂತ ಕಾಣುತ್ತೆ" ಅಂದರು.