ಕರಿ ಬಿಯರಿಗೆ ಕೆಂಪು ಪೆನ್ನು

50ಕ್ಕೆ 3. ನೋಡಲು ಎಷ್ಟೇ ಚೆಂದ ಇದ್ದರೂ ಬಿಯರ್ ಪರೀಕ್ಷೆಯಲ್ಲಿ ನೋಟಕ್ಕೆ ಸಿಗುವ ಅಂಕ ಇಷ್ಟೇ ಅಂತ ಗೊತ್ತಾದಾಗ ನನಗೆ ಯಾಕೋ ಬೇಜಾರಾಯಿತು. ನಾನು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ ಆಗಿದ್ದವನು. ಮೂವತ್ತು ವರ್ಷ ಹತ್ತನೇ ತರಗತಿಯ ಪೇಪರ್ ತಿದ್ದಿದ್ದೇನೆ. ದುಂಡಗೆ ಬರೆದ ಅಕ್ಷರ ಕಂಡರೆ ನನ್ನ ಕೆಂಪು ಪೆನ್ನು ತಾನಾಗಿಯೇ ಮೆತ್ತಗಾಗುತ್ತಿತ್ತು. ಉತ್ತರ ಅರ್ಧಂಬರ್ಧ ಇದ್ದರೂ ಅರ್ಧ ಅಂಕ ಜಾಸ್ತಿ ಬೀಳುತ್ತಿತ್ತು. ತಪ್ಪು ಅಂತ ಗೊತ್ತಿತ್ತು. ಆದರೂ ಬೀಳುತ್ತಿತ್ತು.

ಬಿಯರ್ ತಿದ್ದುವ ಕೆಲಸ ನನ್ನ ತಲೆಗೆ ಬಂದದ್ದು ಅಣ್ಣನ ಮಗನಿಂದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಅವನಿಗೆ. ಆಫೀಸಿನವರು ಇಂಗ್ಲೆಂಡಿಗೆ ಕಳಿಸಿದ್ದರು. ಬರುವಾಗ ಅವನ ಕಾಕುಗೆ, ಅಂದರೆ ನನ್ನ ಹೆಂಡತಿಗೆ, ಒಂದು ಶಾಲು ತಂದ, ನನಗೆ ಎರಡು ಬಾಟಲಿ. ಶಾಲನ್ನು ನಡುಮನೆಯಲ್ಲಿ ಎಲ್ಲರೆದುರು ಕೊಟ್ಟ. ಬಾಟಲಿಗಾಗಿ ನನ್ನನ್ನು ಮಾಳಿಗೆಗೆ ಕರೆದುಕೊಂಡು ಹೋದ.

"ಕಾಕಾ, ಇದು ಓಟ್‌ಮೀಲ್ ಸ್ಟೌಟ್, ಕರಿ ಬಿಯರ್," ಅಂದ.

ಓಟ್ಸ್ ಅಂದ ಕೂಡಲೇ ನನ್ನ ಮುಖ ಸಣ್ಣದಾಯಿತು. ಎರಡು ವರ್ಷದ ಹಿಂದೆ ಡಾಕ್ಟರು ನನ್ನ ರಕ್ತದ ರಿಪೋರ್ಟ್ ನೋಡಿ ಕೊಲೆಸ್ಟ್ರಾಲ್ ಜಾಸ್ತಿ ಆಗಿದೆ, ಮುಂಜಾನೆ ಓಟ್ಸ್ ತಿನ್ನಿ ಅಂದಿದ್ದರು. ಅಂದಿನಿಂದ ನನ್ನ ಹೆಂಡತಿ ಒಂದು ದಿನವೂ ತಪ್ಪಿಸಿಲ್ಲ. ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿಕೊಂಡು ಉಂಡು ಬೆಳೆದವನು ನಾನು. ನನ್ನೆದುರು ಬೂದಿ ಬಣ್ಣದ ಆ ಅಂಟು ಗಂಜಿ ಬಂದು ಕೂತಾಗ, ಯಾರೋ ಗೋಡೆಗೆ ಪೋಸ್ಟರ್ ಹಚ್ಚಲು ಕಾಸಿಟ್ಟದ್ದನ್ನು ತಪ್ಪಿ ನನಗೆ ಬಡಿಸಿದಂತೆ ಅನಿಸುತ್ತದೆ.

"ಇದ್ರಾಗೂ ಓಟ್ಸ್ ಏನೋ?"

"ಹೌದ್ರಿ ಕಾಕಾ. ಡಾಕ್ಟರಿಗೆ ಹೇಳ್ರಿ, ಈಗ ಎರಡೂ ಹೊತ್ತು ತಗೋಳಾಕತ್ತೀನಿ ಅಂತ."

ಬೆಳಗಾವಿಯವರಿಗೆ ಬಿಯರ್ ಅಂದರೆ ಗೋವಾ. ಚೋರ್ಲಾ ಘಾಟ್ ಇಳಿದ ಮೇಲೆ ಆಗಿದ್ದೆಲ್ಲ ಅಲ್ಲೇ ಬಿಟ್ಟು ಬರುವುದು ರೂಢಿ. ವಯಸ್ಸಿನಲ್ಲಿ ನಾನೂ ನಾಲ್ಕಾರು ಸಲ ಇಳಿದಿದ್ದೇನೆ, ಹತ್ತಿದ್ದೇನೆ. ಆದರೆ ಸ್ವಂತ ಮನೆಯ ಮಾಳಿಗೆ ಮೇಲೆ, ಅದೂ ತಿಳಕವಾಡಿಯಲ್ಲಿ ಇದು ಮೊದಲು. ನಮ್ಮ ಬಡಾವಣೆಗೆ ಒಂದು ಹೆಸರಿದೆ ನೋಡಿ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ 1924ರಲ್ಲಿ ಇಲ್ಲೇ ನಡೆಯಿತು. ಬಂದ ಜನಕ್ಕೆ ನೀರು ಬೇಕು ಅಂತ ಆಗ ತೋಡಿದ ಬಾವಿ ಇವತ್ತಿಗೂ ಇದೆ, ಕಾಂಗ್ರೆಸ್ ಬಾವಿ ಅಂತಲೇ ಕರೆಯುತ್ತಾರೆ. ನಮ್ಮ ಮನೆಯಿಂದ ನಡೆದುಕೊಂಡು ಹೋಗುವಷ್ಟು ದೂರ. ಬಾಟಲಿಯ ಮುಚ್ಚಳ ತೆಗೆಯುವ ಮುಂಚೆ ನಾನು ಕುರ್ಚಿಯನ್ನು ಸ್ವಲ್ಪ ಆ ಕಡೆ ತಿರುಗಿಸಿಕೊಂಡೆ, ಬಾವಿಗೆ ಬೆನ್ನು ಮಾಡಿ.

ಬಾಟಲಿಗೂ ಒಂದು ಬಾವಿಯ ಕತೆ ಇತ್ತು. ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಟ್ಯಾಡ್‌ಕ್ಯಾಸ್ಟರ್ ಅಂತ ಊರು. ಅಲ್ಲಿಯ ಸ್ಯಾಮ್ಯುಯೆಲ್ ಸ್ಮಿತ್ ಅನ್ನುವ ಬ್ರೂವರಿ, ಅಂದರೆ ಬಿಯರ್ ಮಾಡುವ ಕಾರ್ಖಾನೆ, 1758ರಲ್ಲಿ ತೋಡಿಸಿದ ಬಾವಿಯ ನೀರನ್ನೇ ಇನ್ನೂ ಸೇದುತ್ತದಂತೆ, 85 ಅಡಿ ಆಳದಿಂದ. ಈ ಓಟ್‌ಮೀಲ್ ಸ್ಟೌಟ್ ಅವರದ್ದೇ.

ತೆಗೆದ ಕೂಡಲೇ ಕುಡಿಯುವಂತಿಲ್ಲ ಅಂದ ಹುಡುಗ. ಫ್ರಿಜ್‌ನಿಂದ ಆಗಷ್ಟೇ ಬಂದ ಬಿಯರ್ ನಾಲಿಗೆಯನ್ನು ಜೋಮು ಹಿಡಿಸುತ್ತದೆ, ರುಚಿ ಏನೂ ಹತ್ತುವುದಿಲ್ಲ. ಸ್ಟೌಟ್ ಅಂದರೆ 10ರಿಂದ 13 ಡಿಗ್ರಿ ಇರಬೇಕು. ಹೊರಗೆ ಆಷಾಢದ ಜಿಟಿಜಿಟಿ ಮಳೆ, ತಗಡಿನ ಕೆಳಗೆ ನಾವಿಬ್ಬರು, ನಡುವೆ ಬೆವರುತ್ತಾ ನಿಂತ ಬಾಟಲಿ. ಅರ್ಧ ಗಂಟೆ ಕಾಯುವುದು ಅಂತ ಆಯಿತು. ಆ ಅರ್ಧ ಗಂಟೆ ಅವನು ಮಾಸ್ತರ, ನಾನು ವಿದ್ಯಾರ್ಥಿ.

ಸ್ಟೌಟ್ ಅಂದರೆ ಮೊದಲಿಗೆ ಬರೀ ಗಟ್ಟಿ ಅಂತ ಅರ್ಥವಂತೆ. 18ನೇ ಶತಮಾನದ ಲಂಡನ್‌ನಲ್ಲಿ ಪೋರ್ಟರ್ ಅನ್ನುವ ಕಂದು ಬಿಯರ್ ಇತ್ತು. ಅದರಲ್ಲಿ ಸ್ವಲ್ಪ ಖಡಕ್ ಆಗಿರುವುದಕ್ಕೆ ಸ್ಟೌಟ್ ಪೋರ್ಟರ್ ಅನ್ನುತ್ತಿದ್ದರು. ಆಮೇಲೆ ಪೋರ್ಟರ್ ಉದುರಿತು, ಸ್ಟೌಟ್ ಉಳಿಯಿತು. ಕಪ್ಪು ಬಣ್ಣ ಕೊಟ್ಟವನು ಡೇನಿಯಲ್ ವ್ಹೀಲರ್. ಕಾಫಿ ಬೀಜ ಹುರಿಯುವ ಡ್ರಮ್ಮಿನ ಥರದ್ದೇ ಒಂದು ಯಂತ್ರದಲ್ಲಿ ಮಾಲ್ಟ್ ಹುರಿದು 1817ರಲ್ಲಿ ಪೇಟೆಂಟ್ ತೆಗೆದುಕೊಂಡ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ. ಅದರಲ್ಲಿ ಹತ್ತರಲ್ಲಿ ಒಂದು ಪಾಲು, ಇಲ್ಲ ಅದಕ್ಕೂ ಕಡಿಮೆ, ಕರ್ರಗೆ ಹುರಿದು ಹಾಕಿದರೆ ಇಡೀ ಹಂಡೆಯೇ ಕಪ್ಪಾಗುತ್ತದೆ.

ನಡುವೆ ಡಬ್ಲಿನ್ನಿನ ಗಿನ್ನೆಸ್ ಮಾತು ಬಂತು. ಆರ್ಥರ್ ಗಿನ್ನೆಸ್ ಅನ್ನುವವರು 1759ರಲ್ಲಿ ತಮ್ಮ ಬ್ರೂವರಿಯ ಜಾಗವನ್ನು 9000 ವರ್ಷಕ್ಕೆ ಲೀಸ್ ಹಾಕಿಸಿಕೊಂಡರಂತೆ, ವರ್ಷಕ್ಕೆ 45 ಪೌಂಡ್ ಬಾಡಿಗೆ. ನಮ್ಮ ಕೆಳಗಿನ ಮನೆಯ ಬಾಡಿಗೆಯವರ ಹತ್ತಿರ ನಾನು 11 ತಿಂಗಳಿಗೊಮ್ಮೆ ಅಗ್ರಿಮೆಂಟ್ ಮಾಡಿಸಲು ಒದ್ದಾಡುವುದು ನೆನಪಾಗಿ, ಆ ಜಾಗದ ಮಾಲೀಕನ ಬಗ್ಗೆ ಪಾಪ ಅನಿಸಿತು.

ಓಟ್ಸ್ ಸೇರಿದ್ದು ಯಾಕೆ ಅಂತ ಕೇಳಿದೆ. 19ನೇ ಶತಮಾನದ ಕೊನೆಗೆ ಬ್ರಿಟನ್ನಿನಲ್ಲಿ ಇದನ್ನು ಶಕ್ತಿ ಬರುವ ಪಾನೀಯ ಅಂತ ಮಾರುತ್ತಿದ್ದರಂತೆ. ಜಡ್ಡಿನಿಂದ ಎದ್ದವರಿಗೆ, ನಿಶ್ಶಕ್ತಿ ಇದ್ದವರಿಗೆ. ಕೆಲವರು ಹೆಸರಿಗೆ ಒಂದು ಹಿಡಿ ಓಟ್ಸ್ ಹಾಕಿ ಲೇಬಲ್ ಮೇಲೆ ದೊಡ್ಡದಾಗಿ ಬರೆದುಕೊಳ್ಳುತ್ತಿದ್ದರು. ಬಾದಾಮಿ ಹಾಲಿನಲ್ಲಿ ಬಾದಾಮಿ ಹುಡುಕುವ ನಮಗೆ ಇದು ಹೊಸದಲ್ಲ ಬಿಡಿ. ಕಾಲ ಕಳೆದಂತೆ ಓಟ್‌ಮೀಲ್ ಸ್ಟೌಟ್ ಕಾಣೆಯಾಯಿತು. ಅಮೆರಿಕದ ಒಬ್ಬ ಆಮದು ವ್ಯಾಪಾರಿ ಬೇಕು ಅಂತ ಹಟ ಹಿಡಿದ ಮೇಲೆ 1980ರಲ್ಲಿ ಇದೇ ಟ್ಯಾಡ್‌ಕ್ಯಾಸ್ಟರಿನವರು ಮತ್ತೆ ಮಾಡಿದರು.

ಈಗಲೂ ಒಟ್ಟು ಕಾಳಿನಲ್ಲಿ ಓಟ್ಸ್ ಪಾಲು ಸಾಮಾನ್ಯವಾಗಿ ನೂರಕ್ಕೆ 5ರಿಂದ 10 ಅಷ್ಟೇ. ಜಾಸ್ತಿ ಹಾಕಿದರೆ ಕೆಲಸ ಕೆಡುತ್ತದೆ. ಓಟ್ಸ್‌ನಲ್ಲಿ ಬೀಟಾ ಗ್ಲೂಕಾನ್ ಅಂತ ಒಂದು ಅಂಟು ಇರುತ್ತದೆ. ಕಾಳು ನೆನೆಸಿ ರಸ ಸೋಸುವಾಗ ಅದು ಗೊಜ್ಜಿನ ಹಾಗೆ ಕಚ್ಚಿಕೊಂಡು ಕೂರುತ್ತದೆ, ರಸ ಇಳಿಯುವುದೇ ಇಲ್ಲ. ಆದರೆ ಅಳತೆಯಲ್ಲಿ ಹಾಕಿದರೆ ಅದೇ ಅಂಟು ಬಿಯರಿಗೆ ರೇಷ್ಮೆಯ ನುಣುಪು ಕೊಡುತ್ತದೆ. ಡಾಕ್ಟರು ನನಗೆ ಓಟ್ಸ್ ಹೇಳಿದ್ದೂ ಇದೇ ಬೀಟಾ ಗ್ಲೂಕಾನ್‌ಗಾಗಿ ಅಂತ ತಿಳಿದಾಗ, ಎರಡು ವರ್ಷದ ನನ್ನ ಸಿಟ್ಟಿಗೆ ಕೊನೆಗೂ ಒಂದು ಹೆಸರು ಸಿಕ್ಕಿತು.

ಅಂಕಪಟ್ಟಿ ಹೊರಗೆ ಬಂದದ್ದು ಆಗ. ಅಮೆರಿಕದಲ್ಲಿ 1985ರಿಂದ ಬಿಜೆಸಿಪಿ ಅಂತ ಒಂದು ವ್ಯವಸ್ಥೆ ಇದೆ, ಬಿಯರ್ ಪರೀಕ್ಷಕರಿಗೇ ಪರೀಕ್ಷೆ ಇಟ್ಟು ಸರ್ಟಿಫಿಕೇಟ್ ಕೊಡುವುದು. ಹುಡುಗ ಅದರ ಹಾಳೆಯನ್ನು ಪ್ರಿಂಟ್ ಹಾಕಿಸಿಕೊಂಡೇ ಬಂದಿದ್ದ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಹೇಗೆ ಕೂರುತ್ತದೆ ಅನ್ನುವುದಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ಎಷ್ಟೇ ಕೆಟ್ಟದಾಗಿದ್ದರೂ 13ಕ್ಕಿಂತ ಕಡಿಮೆ ಕೊಡದಿರುವುದು ಅವರಲ್ಲಿ ಒಂದು ಮರ್ಯಾದೆ. ಗ್ರೇಸ್ ಮಾರ್ಕ್ಸ್ ಅಂದರೆ ನಮ್ಮ ಇಲಾಖೆಯ ಸ್ವಂತ ಆಸ್ತಿ ಅಂತ ತಿಳಿದುಕೊಂಡಿದ್ದೆ.

ನನಗೆ ಜೇಬಿನಿಂದ ಕೆಂಪು ಪೆನ್ನನ್ನೇ ತೆಗೆದುಕೊಟ್ಟ. ಕಿಡಿಗೇಡಿ.

ಗ್ಲಾಸ್ ಓರೆ ಹಿಡಿದು ಸುರಿದ, ಕೊನೆಗೆ ನೆಟ್ಟಗೆ ಮಾಡಿದ. ಮೇಲೆ ಎರಡು ಬೆರಳು ನೊರೆ ನಿಂತಿತು. ಬಿಳಿ ನೊರೆಯಲ್ಲ, ಕೆನೆಗಟ್ಟಿದ ಚಹಾದ ಬಣ್ಣ. ಕೆಳಗೆ ಕಪ್ಪು. ಗಾಡಿಯಿಂದ ಇಳಿಸಿದ ಹಳೇ ಆಯಿಲ್ ಇದ್ದಂಗೈತಿ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಒಳ್ಳೆಯದಾಯಿತು. ಟ್ಯೂಬ್‌ಲೈಟಿನ ಎದುರು ಎತ್ತಿ ಹಿಡಿದಾಗ ಗ್ಲಾಸಿನ ಅಂಚಿನಲ್ಲಿ ಮಾತ್ರ ಬೆಳಕು ನುಗ್ಗಿ, ಮಾಣಿಕ್ಯದ ಥರ ಒಂದು ಕೆಂಪು ಗೆರೆ ಹೊಳೆಯಿತು. ಗ್ಲಾಸ್ ತಿರುಗಿಸಿದರೆ ಗೆರೆಯೂ ತಿರುಗಿತು. ಎಷ್ಟು ಹೊತ್ತು ಹಾಗೆ ನೋಡುತ್ತಾ ಕೂತಿದ್ದೆನೋ, "ಕಾಕಾ, ಅದಕ್ಕ ಮೂರೇ ಮಾರ್ಕ್ಸ್, ಮುಂದ ಹೋಗ್ರಿ" ಅಂದ. ಮೂರಕ್ಕೆ ಮೂರು ಹಾಕಿದೆ. ಕೈ ಇನ್ನೂ ಬೇಡುತ್ತಿತ್ತು.

ಆಮೇಲೆ ಮೂಗು. ಗ್ಲಾಸನ್ನು ಅಂಗೈಯಿಂದ ಮುಚ್ಚಿ, ಮೆಲ್ಲಗೆ ತಿರುಗಿಸಿ, ಕೈ ತೆಗೆದು ಸಣ್ಣಗೆ ಮೂಸಬೇಕು. ನಾನು ಮೂಸಿದೆ. ಏನೋ ಹುರಿದದ್ದು. ಏನೋ ಸೀದದ್ದು. ಅದರ ಹಿಂದೆ ಏನೋ ಸಿಹಿ. ಮೂರಕ್ಕೂ ಹೆಸರು ಹೊಳೆಯಲಿಲ್ಲ. ಅವನ ಫೋನಿನಲ್ಲಿ ಹೆಸರುಗಳಿದ್ದವು. ಕಾಫಿ, ಡಾರ್ಕ್ ಚಾಕೊಲೇಟ್, ಒಣಹಣ್ಣು, ಮೊಲಾಸಿಸ್.

ಕಾಫಿ ಅಂದರೆ ನನಗೇನು ಗೊತ್ತು? ನಮ್ಮದು ಚಹಾದ ಊರು. ಬೆಂಗಳೂರಿನವರು ಇದನ್ನು ಮೂಸಿದ ಕೂಡಲೇ ಫಿಲ್ಟರ್ ನೆನಪಾಗಬಹುದು. ನನ್ನ ಮೂಗಿನಲ್ಲಿ ಆ ಅಂಗಡಿಯೇ ಇಲ್ಲ. ಆದರೆ ಮೊಲಾಸಿಸ್ ಅಂದರೆ ಕಾಕಂಬಿ ಅಲ್ವಾ? ಅದು ಗೊತ್ತು. ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಪಕ್ಕ ಬಸ್ಸು ಹಾದರೆ ಕಿಟಕಿ ಮುಚ್ಚಿದರೂ ಒಳಗೆ ಬಂದು ಕೂರುವ ವಾಸನೆ ಅದು, ಟಿಕೆಟ್ ತೆಗೆಸದ ಪ್ರಯಾಣಿಕ. ಇಲ್ಲಿ ಅದು ಎಲ್ಲೋ ದೂರದಲ್ಲಿತ್ತು, ಎರಡು ಹೊಲದ ಆಚೆ ಟ್ಯಾಂಕರ್ ಹೋದ ಹಾಗೆ. ಒಣಹಣ್ಣು ಅಂದರೆ ವಿಜಯಪುರದ ಒಣದ್ರಾಕ್ಷಿ. ಅದೂ ಸರಿಯಾಯಿತು. ಉಳಿದದ್ದು ಆ ಹುರಿದ ವಾಸನೆ. ಅದೇ ದೊಡ್ಡದು, ಅದಕ್ಕೇ ಹೆಸರಿಲ್ಲ. ರೊಟ್ಟಿಯ ಮೇಲಿನ ಕರಿ ಚುಕ್ಕಿಯೇ? ಅಲ್ಲ. ಹುರಿದ ಶೇಂಗಾ? ಹತ್ತಿರ, ಆದರೆ ಶೇಂಗಾಕ್ಕೆ ಇಷ್ಟು ಕಹಿ ಇಲ್ಲ. ನಾಲಿಗೆ ತುದಿಗೆ ಬಂದು ಬಂದು ವಾಪಸ್ ಹೋಗುತ್ತಿತ್ತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬಳೆ ಸದ್ದು. ಬಾಟಲಿ ಮುಚ್ಚಿಡಲು ಹೊತ್ತಿರಲಿಲ್ಲ. ನನ್ನ ಹೆಂಡತಿ ಹೊಸ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ, ಬಾಟಲಿಯನ್ನೂ ನೋಡಲಿಲ್ಲ. ಮೂಗು ಎತ್ತಿ ಎರಡು ಸಲ ಮೂಸಿದಳು.

"ಗುರೆಳ್ಳು ಯಾರ ಹುರಿಯಾಕತ್ತಾರ ಮ್ಯಾಲೆ?"

ಗುರೆಳ್ಳು! ಅದೇ. ಕರ್ರಗಿನ ಸಣ್ಣ ಕಾಳು, ಹಂಚಿನ ಮೇಲೆ ಚಟಪಟ ಅನ್ನುವಾಗ ಏಳುವ ಆ ಕಹಿ ಘಮ. ದಿನಾ ರೊಟ್ಟಿಗೆ ಅದರ ಚಟ್ನಿ ಹಚ್ಚಿಕೊಂಡು ತಿನ್ನುವ ನನಗೆ ಹೊಳೆದಿರಲಿಲ್ಲ. ಹುಡುಗ ಧೈರ್ಯ ಮಾಡಿ ಗ್ಲಾಸನ್ನು ಅವಳ ಮುಂದೆ ಹಿಡಿದ. "ಕಾಕು, ಬರೇ ವಾಸನಿ ನೋಡ್ರಿ, ಕುಡೀಬ್ಯಾಡ್ರಿ." ಅವಳು ಬಗ್ಗಿ ಮೂಸಿದಳು. ಹಂಚಿನ ಮುಂದೆ ನಿಂತಾಗ ಬರುವ ಗಾಂಭೀರ್ಯ ಮುಖಕ್ಕೆ ಬಂತು.

"ಒಂದ್ ಚೂರು ಹೆಚ್ಚಿಗೆ ಹುರದಾರ. ಇಳಸೂ ಹೊತ್ತಿಗೆ ಇಳಿಸಿಲ್ಲ," ಅಂದಳು. "ಬೆಂಕಿ ಆರಿಸಿದ ಮ್ಯಾಲೂ ಹಂಚಿನ ಕಾವಿಗೆ ಹುರೀತಾವ ಅವು. ಗೊತ್ತಿದ್ದವ್ರು ಮೊದಲ ಇಳಸ್ತಾರ."

260 ವರ್ಷ ಹಳೆಯ ಬ್ರೂವರಿಯ ಮೇಲೆ ತೀರ್ಪು ಬಿದ್ದುಹೋಯಿತು. ನಾನು ರಿಮಾರ್ಕ್ಸ್ ಜಾಗದಲ್ಲಿ ಅವಳ ಮಾತನ್ನೇ ಬರೆದುಕೊಂಡು ವಾಸನೆಗೆ 9 ಹಾಕಿದೆ.

ಇನ್ನು ಕುಡಿಯುವುದು. ವೈನ್ ಪರೀಕ್ಷಕರು ಬಾಯಿ ಮುಕ್ಕಳಿಸಿ ಉಗುಳುತ್ತಾರೆ. ಬಿಯರಿನವರು ನುಂಗುತ್ತಾರೆ, ನುಂಗಿದ ಮೇಲೆ ಉಳಿಯುವ ರುಚಿಗೂ ಲೆಕ್ಕ ಇದೆ. ಪುಣ್ಯವಂತರು. ಮೊದಲ ಗುಟುಕು ತೆಳ್ಳಗಿರುತ್ತದೆ ಅಂದುಕೊಂಡಿದ್ದೆ. ನಾಲಿಗೆಯ ಮೇಲೆ ಕೆನೆಯ ಹಾಗೆ ಹರಡಿತು. ಮುಂಜಾನೆ ಬಟ್ಟಲಿನಲ್ಲಿ ನನ್ನನ್ನು ಗೋಳುಹೊಯ್ಯುವ ಓಟ್ಸ್ ಇದೇನಾ? ಮೊದಲು ತುಸು ಸಿಹಿ, ಆಮೇಲೆ ಗುರೆಳ್ಳು, ಕೊನೆಗೆ ಅಡಿಕೆಯಂಥ ಒಗರು. ಕಹಿ ಇತ್ತು, ಸ್ವಲ್ಪ ಬಿಯರಿಗೆ ಹಾಕುವ ಹಾಪ್ಸ್ ಹೂವಿನದ್ದು, ಸ್ವಲ್ಪ ಹುರಿದದ್ದರದ್ದು, ಆದರೆ ನುಣುಪಿನ ಒಳಗೆ ಮುದುಡಿಕೊಂಡಿತ್ತು. ನಶೆ ಬಗ್ಗೆ ಹೆದರಿದ್ದೆ. ಬಣ್ಣ ನೋಡಿ ಹೆದರಬ್ಯಾಡ್ರಿ, ಇದು 5 ಪರ್ಸೆಂಟ್, ನಮ್ಮ ಅಂಗಡಿಗಳಲ್ಲಿ ನೀರಿನಂಥ ಹಳದಿ ಬಣ್ಣದ ಸ್ಟ್ರಾಂಗ್ ಬಿಯರೇ 8ರ ತನಕ ಹೋಗುತ್ತದೆ ಅಂದ ಹುಡುಗ.

ಜೊತೆಗೆ ತಿನ್ನಲು ಏನಾದರೂ ಬೇಕಿತ್ತು. ಇಂಗ್ಲೆಂಡಿನಲ್ಲಿ ಸ್ಟೌಟ್ ಜೊತೆ ಸಿಂಪಿಯ ಮಾಂಸ ತಿನ್ನುತ್ತಾರಂತೆ. ನಮ್ಮ ಫ್ರಿಜ್‌ನಲ್ಲಿ ಕುಂದಾ ಇತ್ತು. ಹುಡುಗ ಬೆಂಗಳೂರಿಗೆ ಒಯ್ಯಲಿ ಅಂತ ತರಿಸಿದ್ದು. ಸುಮ್ನೆ ಒಂದು ಚಮಚ ಬಾಯಿಗೆ ಹಾಕಿಕೊಂಡು ಮೇಲೆ ಒಂದು ಗುಟುಕು ಕುಡಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕುಂದಾದ ಸಿಹಿ ಇಳಿಯಿತು, ಬಿಯರಿನ ಒಗರೂ ಇಳಿಯಿತು, ನಡುವೆ ಕಾಸಿದ ಹಾಲಿನ ಕಂದು ರುಚಿಯೊಂದೇ ನಿಂತಿತು. ಹಾಲನ್ನು ಒಲೆಯ ಮೇಲೆ ಮರೆತು ಬಿಟ್ಟಿದ್ದರಿಂದ ಕುಂದಾ ಹುಟ್ಟಿತು ಅಂತ ನಮ್ಮೂರಲ್ಲಿ ಹೇಳುತ್ತಾರೆ. ಹಾಲು ಕುದ್ದು ಕುದ್ದು ಕಂದಾಗುವುದು, ರೊಟ್ಟಿಗೆ ಚುಕ್ಕಿ ಬೀಳುವುದು, ಜವೆಗೋಧಿ ಕಪ್ಪಾಗುವುದು, ಎಲ್ಲದರ ಹಿಂದೆಯೂ ಒಂದೇ ರಸಾಯನ ಇದೆ. ಸಕ್ಕರೆಯೂ ಪ್ರೋಟೀನೂ ಕಾವಿನಲ್ಲಿ ಕೂಡಿದಾಗ ಆಗುವಂಥದ್ದು. 1912ರಲ್ಲಿ ಮಯಾರ್ ಅನ್ನುವ ಫ್ರೆಂಚ್ ವಿಜ್ಞಾನಿ ಅದನ್ನು ವಿವರಿಸಿದರು. ಟ್ಯಾಡ್‌ಕ್ಯಾಸ್ಟರಿನ ಬಾಟಲಿಯೂ ಬೆಳಗಾವಿಯ ಡಬ್ಬಿಯೂ ಬೀಗರು ಅಂತ ನನಗೆ ಗೊತ್ತಾದದ್ದು ಮಾತ್ರ ಆ ಒಂದು ಚಮಚದಲ್ಲಿ.

ರುಚಿಗೆ 14. ಬಾಯಲ್ಲಿ ಕೂತದ್ದಕ್ಕೆ 4. ಒಟ್ಟಾರೆ 7. ಕೂಡಿಸಿ ಕೆಳಗೆ ಗೆರೆ ಎಳೆದು ಸಹಿ ಮಾಡಿ ಕೊಟ್ಟೆ. ಹುಡುಗ ಹಾಳೆ ನೋಡಿದ, ನನ್ನನ್ನು ನೋಡಿದ.

"ಕಾಕಾ, ಕೂಡಿಸಿದ್ರ 37 ಆಗ್ತೈತಿ. ನೀವು 38 ಬರ್ದೀರಿ."

"ಹೌದೇನು?"

"38 ಆದ್ರ ಕ್ಲಾಸ್ ಬದಲಾಗ್ತೈತ್ರಿ. 37ರ ತನಕ ಬರೇ ಭಾಳ ಛಲೋ. 38ರಿಂದ ಅತ್ಯುತ್ತಮ."

34ಕ್ಕೆ ನಿಂತ ಹುಡುಗರನ್ನು 35ಕ್ಕೆ ದಾಟಿಸಿದ ಕೈ ಇದು. ಗ್ಲಾಸಿನಲ್ಲಿ ಉಳಿದ ಒಂದು ಗುಟುಕನ್ನು ಮತ್ತೆ ಟ್ಯೂಬ್‌ಲೈಟಿಗೆ ಹಿಡಿದೆ. ಕೆಂಪು ಗೆರೆ ಇನ್ನೂ ಇತ್ತು.

"ಇರಲಿ ಬಿಡು," ಅಂದೆ. "ಅಕ್ಷರ ದುಂಡಗಿತ್ತು."

ಹುಡುಗ ಬೆಂಗಳೂರಿಗೆ ಹೋಗಿ ವಾರವಾಯಿತು. ಎರಡನೇ ಬಾಟಲಿ ಎಲ್ಲಿ ಹೋಯಿತು ಅಂತ ನಾನು ಕೇಳುವ ಧೈರ್ಯ ಮಾಡಿರಲಿಲ್ಲ. ನಿನ್ನೆ ಚಟ್ನಿಪುಡಿ ತೆಗೆದುಕೊಳ್ಳಲು ಅಡುಗೆಮನೆಯ ಕಪಾಟು ತೆರೆದರೆ, ಗುರೆಳ್ಳಿನ ಡಬ್ಬಿಯ ಹಿಂದೆ, ಹಳೇ ಟವೆಲ್ ಸುತ್ತಿಕೊಂಡು ನಿಂತಿದೆ. ಪಕ್ಕದಲ್ಲೇ ಓಟ್ಸ್ ಪ್ಯಾಕೆಟ್.